ಅರವತ್ತು ವಾದ್ಯ, ಒಂದು ರೊಟ್ಟಿ

ನಮ್ಮ ಎದುರು ಮನೆಯ ಶಿವರುದ್ರಪ್ಪನವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಯಾವುದೂ ಇಲ್ಲ. ಇದ್ದರೆ ಅದು ಇದೆಯೆಂಬುದೇ ಅವರಿಗೆ ಗೊತ್ತಿಲ್ಲ. ಪುಣೆಯ ಬಿಬವೇವಾಡಿಯ ನಮ್ಮ ವಸತಿ ಸೊಸೈಟಿಯಲ್ಲಿ ಲಿಫ್ಟ್ ನಿಂತರೆ ಮೆಕ್ಯಾನಿಕ್ ಬರುವ ಮೊದಲು ಅವರು ಕಾರಣ ಹೇಳಿರುತ್ತಾರೆ. ಕಾರಣ ತಪ್ಪಾಗಿರುತ್ತದೆ, ಆದರೆ ಹೇಳುವ ಧಾಟಿಯಲ್ಲಿ ಅನುಮಾನದ ಎಳೆಯೂ ಇರುವುದಿಲ್ಲ. ವಿಜಯಪುರದ ಕಡೆಯವರು, ಪುಣೆಗೆ ಬಂದು ಇಪ್ಪತ್ತೇಳು ವರ್ಷ, ಮಾರ್ಕೆಟ್ ಯಾರ್ಡಿನ ಒಂದು ಲಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕು. ಅವರ ಬಾಯಿಂದ "ಗೊತ್ತಿಲ್ಲ" ಎಂಬ ಮಾತು ಬಿದ್ದದ್ದನ್ನು ನಮ್ಮ ಕಟ್ಟಡದಲ್ಲಿ ಯಾರೂ ಕೇಳಿಲ್ಲ. ನಾನು ಎದುರು ಮನೆಗೆ ಬಂದಾಗಿನಿಂದ, ಅಂದರೆ ಹನ್ನೆರಡು ವರ್ಷದಿಂದ ಕಾಯುತ್ತಿದ್ದೇನೆ.

ಅವರ ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವವನು ಮಂಡ್ಯದ ಮಿಥುನ. ಹಗಲು ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಸಂಜೆ ಅರವತ್ತು ಜನರ ಒಂದು ವಾದ್ಯವೃಂದದಲ್ಲಿ ಪಿಟೀಲು. ಒಂದು ಭಾನುವಾರ ಬೆಳಗ್ಗೆ ಅವನು ಇಳಿದು ಬಂದು ಶಿವರುದ್ರಪ್ಪನವರ ಬಾಗಿಲು ತಟ್ಟಿದ. ನಾನು ನನ್ನ ಬಾಗಿಲಲ್ಲಿ ಹಾಲಿನ ಪಾಕೀಟು ಎತ್ತಿಕೊಳ್ಳುತ್ತಿದ್ದೆ. ಮಾತು ಕಿವಿಗೆ ಬಿತ್ತು. ಪೂರ್ತಿ ಬೀಳಲೆಂದು ಸ್ವಲ್ಪ ಹೊತ್ತು ಅಲ್ಲೇ ನಿಂತೆ ಎಂಬುದೂ ನಿಜ.

"ಅಂಕಲ್, ದಿನಾ ಬೆಳಿಗ್ಗೆ ಏಳೂವರೆಗೆ ನಿಮ್ಮನೇಲಿ ಪ್ರಾಕ್ಟೀಸ್ ಮಾಡೋದು ಯಾರು?"

ಯಾವ ಪ್ರಾಕ್ಟೀಸು, ಇವನೇಕೆ ಕೇಳುತ್ತಿದ್ದಾನೆ, ಶಿವರುದ್ರಪ್ಪನವರಿಗೆ ಒಂದೂ ತಿಳಿಯಲಿಲ್ಲ. ಆದ್ದರಿಂದ ತಕ್ಷಣ ಉತ್ತರ ಕೊಟ್ಟರು.

"ನಾನಽ."

"ಸೀರಿಯಸ್ಲಿ? ಏನ್ ರಿದಮ್ ಅಂಕಲ್ ಅದು. ಹದಿನೈದು ದಿನದಿಂದ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಕೇಳ್ತಾ ಇದೀನಿ. ನನ್ನ ಕಂಪೋಸಿಷನ್ ಪೂರ್ತಿ ಅದರ ಮೇಲೇ ನಿಂತಿದೆ."

ಏಳೂವರೆಗೆ ಶಿವರುದ್ರಪ್ಪನವರು ಸ್ನಾನದ ಮನೆಯಲ್ಲಿರುತ್ತಾರೆ. ಅಲ್ಲಿ ಪ್ಲಾಸ್ಟಿಕ್ ಬಕೆಟ್ ಬಡಿಯುತ್ತ ಭಜನೆ ಹೇಳುತ್ತಾರೆ. ಆ ಭಜನೆಯನ್ನು ನಾನು ಮುಚ್ಚಿದ ಎರಡು ಬಾಗಿಲುಗಳ ಮೂಲಕ ಕೇಳಿದ್ದೇನೆ, ಹೆಚ್ಚು ಹೇಳಲಾರೆ. ಆದರೆ ಅವರ ಮುಖ ನೋಡಬೇಕಿತ್ತು. ತಮ್ಮ ಕಂಠವನ್ನು ಗುರುತಿಸುವವನೊಬ್ಬ ಕೊನೆಗೂ ಹುಟ್ಟಿದ, ಅದೂ ತಮ್ಮ ತಲೆಯ ಮೇಲೆಯೇ ವಾಸವಾಗಿದ್ದಾನೆ ಎಂಬ ಸಂತೋಷಕ್ಕೆ ಕಣ್ಣು ಒದ್ದೆಯಾಗಿದ್ದವು.

ಮಿಥುನ ವಿವರಿಸಿದ. "ಸ್ವರದೊಳಗೆ ದೇಶ" ಎಂಬ ಕಛೇರಿ. ಒಂದೊಂದು ದೇಶದವರು ತಾವು ಯಾರೆಂಬುದನ್ನು ಸಂಗೀತದಲ್ಲಿ ಹೇಳಿಕೊಂಡ ನಾಲ್ಕು ವಿದೇಶಿ ಕೃತಿಗಳು, ಕೊನೆಗೆ ಭಾರತದ್ದು. ಭಾರತದ್ದನ್ನು ಬರೆಯುವ ಭಾರ ಮಿಥುನನ ಮೇಲೆ. ಭಾರತಕ್ಕೆ ಒಂದು ಸದ್ದು ಬೇಕಿತ್ತು, ಅದಕ್ಕಾಗಿ ಸಮಿತಿ ಮೂರು ತಿಂಗಳು ಕೂತಿತ್ತು. ಗಂಟೆ ಎಂದರೆ ಯಾರ ಗಂಟೆ ಎಂದರು. ರೈಲಿನ ಸೀಟಿ ಎಂದರೆ ಅದು ಬ್ರಿಟಿಷರದು ಎಂದರು. ಗಾಡಿಗಳ ಹಾರ್ನ್ ಎಂದಾಗ ಅದು ನಮ್ಮದೇ ಎಂದು ಎಲ್ಲರೂ ಒಪ್ಪಿದರು, ಆದರೆ ಹಣ ಕೊಟ್ಟು ಯಾರು ಕೇಳುತ್ತಾರೆ ಎಂದರು.

"ಯಾರಿಗೂ ಬೇಜಾರಾಗದ ಒಂದು ಸೌಂಡ್ ಬೇಕಿತ್ತು ಅಂಕಲ್. ನಿಮ್ಮದು ಸಿಕ್ತು." ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

"ಹೆಸರು ಅಚ್ಚ ಹಾಕಸ್ತೀರೇನು?" ಎಂದು ಶಿವರುದ್ರಪ್ಪನವರು ಕೇಳಿದರು.

"ಖಂಡಿತ. ಪ್ರೋಗ್ರಾಮ್ ಪತ್ರಿಕೇಲಿ ನನ್ನ ಹೆಸರಿನ ಕೆಳಗೇ ನಿಮ್ಮದು."

ಮಿಥುನ ಚಾಚಿದ ಇಂಗ್ಲಿಷ್ ಕಾಗದಕ್ಕೆ ಅವರು ಓದದೆ ಸಹಿ ಹಾಕಿದರು. ಲಾರಿ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಮಾಡಿದ್ದೂ ಅದನ್ನೇ.

ಹೆಸರು ಅಚ್ಚಾಗುವುದಕ್ಕೆ ಅವರೇಕೆ ಇಷ್ಟು ಹಾತೊರೆದರು ಎಂದು ಹೇಳಬೇಕು. ಅವರ ಹೆಂಡತಿ ರುದ್ರವ್ವನವರ ತಮ್ಮ ಚನ್ನವೀರ ಬಾರಾಮತಿಯಲ್ಲಿ ಸಕ್ಕರೆ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಕಾರ್ಖಾನೆಯ ವಾರ್ಷಿಕ ವರದಿಯಲ್ಲಿ ಫೋಟೋ ಸಮೇತ ಬರುವ ಮನುಷ್ಯ. ಏಳು ವರ್ಷದ ಹಿಂದೆ ಒಂದು ಮದುವೆಯ ಪಂಕ್ತಿಯಲ್ಲಿ ಕೂತು, ಎಲ್ಲರಿಗೂ ಕೇಳುವಂತೆ, "ಲಗ್ನಪತ್ರಿಕಾ ಬಿಟ್ಟರ ನಮ್ಮ ಮಾಮಾರ ಹೆಸರು ಎಲ್ಲೂ ಅಚ್ಚಾಗಿಲ್ಲ, ಅದೂ ಅವರದಽ ಲಗ್ನದ್ದು" ಎಂದಿದ್ದ. ಎಲ್ಲರೂ ನಕ್ಕರು. ಶಿವರುದ್ರಪ್ಪನವರೂ ನಕ್ಕರು. ಆದರೆ ಅಂದಿನಿಂದ ಅವರು ಯಾವ ಮದುವೆಯಲ್ಲೂ ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡಿಲ್ಲ. ಆ ಮಾತು ಅಷ್ಟು ಚುಚ್ಚಿತ್ತು.

ಮಧ್ಯಾಹ್ನದೊಳಗೆ ಸೊಸೈಟಿಯ ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಹೋಯಿತು. ಸಂಜೆಗೆ ಬಾರಾಮತಿಗೆ ಫೋನ್ ಹೋಯಿತು. "ದೇಶದ ಪರವಾಗಿ ನಾನೊಬ್ಬಾಂವನಽ. ಮೂರನೇ ಸಾಲಿನಾಗ ನಿನಗ ಖುರ್ಚಿ ಇಡಸೀನಿ, ಬಾ."

ಮೊದಲ ತಾಲೀಮಿಗೆ ನಾನೂ ಹೋಗಿದ್ದೆ, ಶುಂಠಿ ಕಷಾಯದ ಫ್ಲಾಸ್ಕ್ ಹಿಡಿಯಲು ಅವರಿಗೆ ಒಬ್ಬ ಬೇಕಿತ್ತು. ಸ್ವಾರಗೇಟಿನ ಆಚೆಯ ದೊಡ್ಡ ಸಭಾಗೃಹ. ವೇದಿಕೆಯ ಮೇಲೆ ಅರವತ್ತು ಜನ, ಎದುರಿಗೆ ಸ್ನೇಹಲ್ ಎಂಬ ಮರಾಠಿ ಹೆಣ್ಣುಮಗಳು. ಇಡೀ ವೃಂದ ನಡೆಯುವುದು ಅವರ ಕೈಯ ಕಡ್ಡಿಯ ಮೇಲೆ. ಆ ಕಡ್ಡಿ ಮೇಲೆದ್ದರೆ ಅರವತ್ತು ಜನ ಉಸಿರು ಹಿಡಿಯುತ್ತಾರೆ, ನನಗೂ ಹಿಡಿಯಬೇಕೆನಿಸಿತು. ಎಲ್ಲರ ಮುಂದೆ, ನಟ್ಟನಡುವೆ, ಶಿವರುದ್ರಪ್ಪನವರ ಜಾಗ. ಅಲ್ಲೊಂದು ಮೇಜು, ಮೇಜಿನ ಮೇಲೆ ಒಂದು ಮಣೆ, ಒಂದು ಡಬ್ಬಿ ಹಿಟ್ಟು, ಒಂದು ತಂಬಿಗೆ ನೀರು.

"ನಾಷ್ಟಾದ ವ್ಯವಸ್ಥಾ ಛಲೋ ಮಾಡ್ಯಾರ" ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು.

ಪಿಟೀಲುಗಳು ಸಣ್ಣಗೆ ಶುರುವಾದವು. ಹಿಂದಿನಿಂದ ಹಿತ್ತಾಳೆಯ ವಾದ್ಯಗಳು ಎದ್ದವು. ಎಲ್ಲ ಒಮ್ಮೆಗೇ ನಿಂತಾಗ ಸ್ನೇಹಲ್ ಕಡ್ಡಿಯನ್ನು ಶಿವರುದ್ರಪ್ಪನವರ ಕಡೆ ತೋರಿಸಿದರು. ಅವರು ಕಣ್ಣು ಮುಚ್ಚಿ, ಎಡಗೈ ಕಿವಿಗಿಟ್ಟು, ಭಜನೆ ಎತ್ತಿದರು. ಮೊದಲ ಸಾಲು ಮುಗಿಯುವವರೆಗೆ ಯಾರೂ ತಡೆಯಲಿಲ್ಲ. ಅರವತ್ತು ಜನ ಸಂಗೀತಗಾರರು ಒಂದೇ ಸಲ ದಿಕ್ಕು ತಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕಾಕಾ, ಹಾಡುವ ಭಾಗ ನಮ್ಮಲ್ಲಿಲ್ಲ" ಎಂದು ಸ್ನೇಹಲ್ ಮರಾಠಿಯಲ್ಲಿ ಮೆತ್ತಗೆ ಹೇಳಿದರು. ಮಿಥುನ ಓಡಿ ಬಂದು ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಹಚ್ಚಿದ. ಟಪ್ ಟಪ್ ಟಪಟಪ ಟಪ್. ಒಂದು ಸಣ್ಣ ಜಾರು, ಮತ್ತೆ ಟಪ್ ಟಪ್ ಟಪಟಪ ಟಪ್. ಹಿಂದೆಲ್ಲೋ ಬಳೆಯ ಸದ್ದು.

ಮೂವತ್ತೊಂದು ವರ್ಷದಿಂದ ದಿನಾ ಬೆಳಗ್ಗೆ ಆ ಸದ್ದಿನ ಪಕ್ಕದಲ್ಲೇ ಸ್ನಾನ ಮಾಡಿದ ಮನುಷ್ಯ ಅದನ್ನು ಗುರುತಿಸಲು ಪೂರ್ತಿ ಅರ್ಧ ನಿಮಿಷ ತೆಗೆದುಕೊಂಡರು. ಅದು ರುದ್ರವ್ವ ಜೋಳದ ರೊಟ್ಟಿ ಬಡಿಯುವ ಸದ್ದು. ಮೇಜಿನ ಮೇಲೆ ಇಟ್ಟದ್ದು ನಾಷ್ಟಾ ಅಲ್ಲ, ಅವರ ವಾದ್ಯ. ಆಗಲಾದರೂ ನಿಜ ಹೇಳಿ ಮನೆಗೆ ಬರಬಹುದಿತ್ತು. ಆದರೆ ಸ್ನೇಹಲ್ ಅವರ ಮುಂದಿದ್ದ ಹಾಳೆಯ ಮೇಲೆ ಅಚ್ಚಾದ ತಮ್ಮ ಹೆಸರು ಅವರಿಗೆ ಕಂಡಿತ್ತು.

ಅವರು ಡಬ್ಬಿಯ ಹಿಟ್ಟನ್ನು ಚಿಟಿಕೆ ತೆಗೆದು ಮೂಸಿದರು. "ಈ ಹಿಟ್ಟಿನ ಮ್ಯಾಲೆ ಬಾರಸಾಕ ಬರೂದಿಲ್ರಿ" ಎಂದರು ಗಂಭೀರವಾಗಿ. "ವಿಜಯಪುರದ ಬಿಳಿಜೋಳನಽ ಬೇಕು. ಮುಂದಿನ ವಾರ ಬರತೀನಿ."

ಮರುದಿನದಿಂದ ಶಿವರುದ್ರಪ್ಪನವರು ಬೆಳಗ್ಗೆ ಐದಕ್ಕೆ ಏಳತೊಡಗಿದರು. ಹೆಂಡತಿ ಏಳುವ ಮೊದಲು ಅಡುಗೆಮನೆಯ ಬಾಗಿಲು ಹಾಕಿಕೊಂಡು ರೊಟ್ಟಿ ಕಲಿಯುವ ಹಟ. ಬಿಸಿ ಎಸರು ಹಾಕಿ ಹಿಟ್ಟು ನಾದಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ಕೇಳುವ ಅಭ್ಯಾಸವೂ ಇರಲಿಲ್ಲ. ತಣ್ಣೀರಲ್ಲಿ ಕಲಸಿದರು. ರೊಟ್ಟಿ ಅಂಚಿನಿಂದ ಸೀಳಿತು, ನಡುವೆ ತೂತು ಬಿತ್ತು. ಒಂದು ಶ್ರೀಲಂಕಾದ ಆಕಾರಕ್ಕೆ ಬಂತು, ಇನ್ನೊಂದು ಎರಡು ಹೋಳಾಗಿ ನೆರೆಹೊರೆಯ ದೇಶಗಳಾದವು. ನಾಲ್ಕನೆಯ ದಿನ ಬಾಗಿಲು ತೆಗೆದದ್ದು ರುದ್ರವ್ವ. ಆ ಸಂಭಾಷಣೆಯನ್ನು ಅವರೇ ಆಮೇಲೆ ನನ್ನ ಹೆಂಡತಿಗೆ ಹೇಳಿದ್ದು.

"ಏನ್ರಿ ಇದು?"

"ರೊಟ್ಟಿ."

"ಯಾರಿಗೆ?"

"ದೇಶಕ್ಕ."

"ದೇಶಕ್ಕಾದ್ರೂ ಇಷ್ಟು ದಪ್ಪ ಇರಬಾರದ್ರಿ" ಎಂದರಂತೆ ರುದ್ರವ್ವ.

ನಿಜ ಹೊರಬಂತು. ಗಂಡ ತನ್ನ ಹೆಸರಿನಲ್ಲಿ ರೊಟ್ಟಿ ಬಡಿಯಲು ಸಹಿ ಮಾಡಿದ್ದಾನೆಂದು ತಿಳಿದು ರುದ್ರವ್ವ ರೇಗಬಹುದೆಂದು ನಾವೆಲ್ಲ ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದೆವು. ಅವರು ರೇಗಲಿಲ್ಲ. ಮಿಥುನನನ್ನು ಕರೆಸಿ, ಚಹಾ ಕೊಟ್ಟು, ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರು. "ಹದಿನೈದು ದಿನದಿಂದ ನೀವು ಇದನ್ನ ಕೇಳಾಕತ್ತಿದ್ರೇನಪಾ? ಖರೇನಽ ಕೇಳಾಕತ್ತಿದ್ರಿ?" ಅವನು ಹೌದು ಆಂಟಿ ಎಂದ. "ನಮ್ಮ ಮನ್ಯಾಗ ಯಾರೂ ಕೇಳಿಲ್ಲ ನೋಡ್ರಿ" ಎಂದು ಹೇಳಿ ಅವರು ಒಳಗೆ ಹೋದರು. ಹೊರಗೆ ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡಿದ್ದರು, ಕೈಯಲ್ಲಿ ಮಣೆ ಇತ್ತು.

"ನಾ ಬರತೀನಿ. ಅವರ ಹೆಸರು ಅಚ್ಚಾಗೇದಲ್ಲ, ಇರಲಿ. ಆದ್ರ ನನ್ನ ಕರಾರು ಅದಾವ."

ಮೊದಲನೆಯದು, ಹಿಟ್ಟಿಲ್ಲದ ಮಣೆಯನ್ನು ಅವರು ಬಡಿಯುವುದಿಲ್ಲ. ಸದ್ದಷ್ಟೇ ಸಾಕು ಎಂದು ಸ್ನೇಹಲ್ ಫೋನಿನಲ್ಲಿ ಎಷ್ಟೇ ಹೇಳಿದರೂ, "ಖಾಲಿ ಮಣಿ ಬಡದ್ರ ಮನ್ಯಾಗ ಹಿಟ್ಟಿಲ್ಲ ಅಂತ ಡಂಗುರ ಹೊಡದಂಗ ಆಗತದ" ಎಂದರು. ಎರಡನೆಯದು, ಬಡಿದ ರೊಟ್ಟಿಯನ್ನು ಬೇಯಿಸಲೇಬೇಕು, ಚೆಲ್ಲುವ ಮಾತಿಲ್ಲ. ಮೂರನೆಯದು, ಬೇಯಿಸಿದ ಮೇಲೆ ಯಾರಾದರೂ ಬಿಸಿಯಿರುವಾಗಲೇ ತಿನ್ನಬೇಕು. ಅರವತ್ತು ಜನ ಮುಂದೆ ಕೂತಿರುವಾಗ ಉಪವಾಸ ಕಳಿಸುವುದು ತಮ್ಮ ತವರಿನಲ್ಲಿ ಪದ್ಧತಿಯಲ್ಲ ಎಂದರು.

ನಮ್ಮ ಸೊಸೈಟಿಯ ಛೇರ್ಮನ್ ಮನೋಹರರಾಯರಿಗೆ ವಿಷಯ ತಿಳಿದದ್ದು ಆಗ. ಸೊಲ್ಲಾಪುರದ ಕಡೆಯ ಮರಾಠಿಗರು, ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಾರೆ, ಸಿಟ್ಟು ಬಂದಾಗ ನಮಗಿಂತ ಚೆನ್ನಾಗಿ.

"ರೊಟ್ಟಿ ಅಂತ ಹೆಂಗ ಬರಸ್ತೀರಿ? ಅದು ಭಾಕರಿ. ಸಭಾಗೃಹ ಪುಣೆದ್ದು, ಊರು ಪುಣೆದ್ದು, ಸದ್ದೂ ಭಾಕರೀದಽ."

"ಬಡಿಯಾಕಿ ವಿಜಯಪುರ ಜಿಲ್ಲಾ ಇಂಡಿ ತಾಲೂಕಿನಾಕಿ" ಎಂದರು ಶಿವರುದ್ರಪ್ಪನವರು.

"ಅಲ್ರೀ, ನಿಮ್ಮ ರೊಟ್ಟಿಗೂ ನಮ್ಮ ಭಾಕರಿಗೂ ಫರಕ್ ಏನದ?"

"ಏನೂ ಇಲ್ಲ."

"ಮತ್ತ ಭಾಕರಿ ಅನ್ರಿ."

"ಫರಕ್ ಇಲ್ಲಂದ ಮ್ಯಾಲೆ ನೀವಽ ರೊಟ್ಟಿ ಅನ್ರಲ್ಲ."

ಇದಕ್ಕಾಗಿ ಸೊಸೈಟಿಯ ತುರ್ತು ಸಭೆ ಕೂಡಿತು. ಮೂರು ವರ್ಷದಿಂದ ಸೋರುವ ನೀರಿನ ಟ್ಯಾಂಕಿಗೆ ಬಾರದವರೂ ಅಂದು ಬಂದರು. ಎರಡೂವರೆ ಗಂಟೆಯ ಚರ್ಚೆಯ ನಂತರ, ಕಾರ್ಯಕ್ರಮ ಪತ್ರಿಕೆಯಲ್ಲಿ "ಧಾನ್ಯವಾದ್ಯ" ಎಂದು ಮಾತ್ರ ಬರೆಯತಕ್ಕದ್ದು ಎಂಬ ಠರಾವು ಪಾಸಾಯಿತು. ಆ ಹೊತ್ತಿಗೆ ಮಿಥುನನ ಫೋನು ಬಡಿಯಿತು. ಮಂಡ್ಯದಿಂದ ಅವನ ತಾಯಿ ಅನ್ನಪೂರ್ಣಮ್ಮ.

"ಏನೋ ಇದು, ರೊಟ್ಟಿಗೆ ದೇಶ ಇದೆ, ಮುದ್ದೆಗಿಲ್ವಾ? ನಿಮ್ಮಪ್ಪ ಊಟ ಬಿಟ್ಟು ಕೂತಿದಾರೆ."

"ಅಮ್ಮ, ಮುದ್ದೆಗೆ ಸೌಂಡ್ ಇಲ್ಲಮ್ಮ."

"ನುಂಗೋವಾಗ ಬರುತ್ತೆ. ಮೈಕ್ ಹತ್ರ ಹಿಡಿ."

ಮಿಥುನ ಅಂದೇ ಮುದ್ದೆಗೆಂದು ಎರಡು ಮಾತ್ರೆಗಳ ಮೌನವನ್ನು ಸೇರಿಸಿದ. ಆ ಮೌನದ ಅರ್ಥ ಅವನಿಗೆ, ಅವನ ತಂದೆ ತಾಯಿಗೆ ಮತ್ತು ನನಗೆ ಬಿಟ್ಟರೆ ಇಂದಿಗೂ ಯಾರಿಗೂ ಗೊತ್ತಿಲ್ಲ.

ಇನ್ನುಳಿದದ್ದು ಒಲೆಯ ಪ್ರಶ್ನೆ. ಸಭಾಗೃಹದ ಸುರಕ್ಷಾ ಅಧಿಕಾರಿ ವೇದಿಕೆಯ ಮೇಲೆ ಬೆಂಕಿ ಎಂಬ ಮಾತು ಕೇಳಿಯೇ ಎದ್ದು ನಿಂತರು. ಒಲೆ ಬೇಕಾದರೆ ಹಿಂದಿನ ಬಾಗಿಲಾಚೆಯ ಅಂಗಳದಲ್ಲಿ ಎಂದರು. ವೇದಿಕೆಯ ನಡುವಿನಿಂದ ಅಲ್ಲಿಗೆ ನಲವತ್ತೆರಡು ಹೆಜ್ಜೆ. ಹಸಿ ರೊಟ್ಟಿಯನ್ನು ಅಲ್ಲಿಯವರೆಗೆ ಅಂಗೈ ಮೇಲೆ ಒಯ್ಯುವವರು ಯಾರು? ಹೆಸರು ಅಚ್ಚಾಗಿರುವ ಕಲಾವಿದರು ವೇದಿಕೆಯ ಮೇಲೆ ಏನಾದರೂ ಮಾಡಬೇಕಲ್ಲ ಎಂದು ಸ್ನೇಹಲ್ ಶಿವರುದ್ರಪ್ಪನವರನ್ನು ನೋಡಿದರು. ಅಂಗಳದಲ್ಲಿ ಹಂಚಿನ ಮುಂದೆ ಕೂರಲು ಮನೋಹರರಾಯರು ತಾವಾಗಿಯೇ ಒಪ್ಪಿದರು.

"ನನ್ನ ಕೈಯಾಗ ಬೆಂದ ಮ್ಯಾಲೆ ಅದು ಭಾಕರಿ" ಎಂದರು.

ಹೀಗೆ ಹಿಂದಿನ ಬಾಗಿಲ ಹೊಸ್ತಿಲು ಗಡಿಯಾಯಿತು. ಒಳಗಿರುವವರೆಗೆ ರೊಟ್ಟಿ, ದಾಟಿದ ಮೇಲೆ ಭಾಕರಿ. ಎರಡೂ ಕಡೆಯವರು ಒಪ್ಪಿ ಕೈ ಕುಲುಕಿದರು. ಗಡಿಯ ಪ್ರಶ್ನೆ ಇಷ್ಟು ಸುಲಭವಾಗಿ ಬಗೆಹರಿದದ್ದು ಕಂಡು ನನಗೆ ಒಂದು ಕ್ಷಣ ರಾಜಕೀಯಕ್ಕೆ ಇಳಿಯೋಣವೆನಿಸಿತು.

ತಾಲೀಮಿನಲ್ಲಿ ಹೊಸ ತೊಡಕು ಬಂತು. ಪಿಟೀಲಿನವನೊಬ್ಬ ತಪ್ಪಿದಾಗ ಸ್ನೇಹಲ್ ಕಡ್ಡಿ ಇಳಿಸುತ್ತಾರೆ, ಎಲ್ಲರೂ ನಿಲ್ಲುತ್ತಾರೆ. ರುದ್ರವ್ವ ನಿಲ್ಲುವುದಿಲ್ಲ.

"ಕಾಕೂ, ನಾನು ನಿಲ್ಲಿಸಿದಾಗ ನಿಲ್ಲಿಸಬೇಕು" ಎಂದರು ಸ್ನೇಹಲ್ ಮರಾಠಿಯಲ್ಲಿ.

"ಅರ್ಧಕ್ಕ ಬಿಟ್ರ ಅಂಚು ಸೀಳತದವ್ವಾ. ನೀ ಕಡ್ಡಿ ಕೆಳಗಿಟ್ಟು ಸ್ವಲ್ಪ ಕೂಡು, ಮುಗಸ್ತೀನಿ."

ಕನ್ನಡ ಬಾರದ ಸ್ನೇಹಲ್‌ಗೆ ಮಾತು ತಿಳಿಯದಿದ್ದರೂ ಧಾಟಿ ತಿಳಿಯಿತು. ಮೂರನೆಯ ತಾಲೀಮಿಗೆ ಅವರು ಸೋತರು. ಕೃತಿಯ ಆ ಭಾಗದಲ್ಲಿ ಕಡ್ಡಿಯನ್ನಲ್ಲ, ರೊಟ್ಟಿಯನ್ನು ನೋಡಿ ಬಾರಿಸಬೇಕೆಂದು ಅರವತ್ತು ಜನರಿಗೂ ಹೇಳಿದರು. ರೊಟ್ಟಿ ನಡೆದಂತೆ ವಾದ್ಯ, ರೊಟ್ಟಿ ನಿಂತರೆ ವಾದ್ಯವೂ ನಿಲ್ಲಬೇಕು. ಅಂದಿನ ತಾಲೀಮಿನ ಕೊನೆಗೆ ಶೇಂಗಾ ಚಟ್ನಿಯ ಜೊತೆ ಎರಡು ಬಿಸಿ ರೊಟ್ಟಿ ತಿಂದು, ಇಷ್ಟು ದಿನ ತಾನು ಯಾಕೆ ಜಗಳವಾಡಿದೆನೋ ಎಂದರು.

ಕಛೇರಿಯ ದಿನ ಎಂಟುನೂರು ಖುರ್ಚಿ ತುಂಬಿದ್ದವು. ಮೂರನೆಯ ಸಾಲಿನಲ್ಲಿ ಚನ್ನವೀರ, ಅವನ ಎರಡೂ ಬದಿಗೆ ಕಾರ್ಖಾನೆಯ ಇಬ್ಬರು ಇಂಜಿನಿಯರುಗಳು. ನಾನು ಅವನ ಹಿಂದೆ ಕೂತಿದ್ದೆ. ಅವನು ಕಾರ್ಯಕ್ರಮ ಪತ್ರಿಕೆಯನ್ನು ತೆಗೆದು, ಮಾಮಾರ ಹೆಸರನ್ನು ಬೆರಳಿಟ್ಟು ಓದಿ, ತಿರುಗಿಸಿ ಹಿಂಬದಿಯನ್ನೂ ನೋಡಿದ. ನಕಲಿಯೇನೋ ಎಂಬ ಅನುಮಾನ ಇದ್ದಿರಬೇಕು.

ಮೊದಲ ನಾಲ್ಕು ಕೃತಿಗಳ ಬಗ್ಗೆ ನಾನು ಹೇಳಬಹುದಾದದ್ದು ಸ್ವಲ್ಪ. ಒಂದು ದೇಶದವರದು ನದಿ, ಕೊನೆಯವರೆಗೂ ಹರಿಯಿತು. ಇನ್ನೊಂದು ದೇಶದವರದು ಹಿಮ; ಸಭಾಗೃಹದ ಎ.ಸಿ. ಅದಕ್ಕೆ ಸರಿಯಾಗಿ ಸಹಕರಿಸಿತು. ಮೂರನೆಯದರಲ್ಲಿ ಯಾರೋ ಯುದ್ಧಕ್ಕೆ ಹೋದರು, ನಾಲ್ಕನೆಯದರಲ್ಲಿ ತಿರುಗಿ ಬಂದಂತೆ ಕಂಡಿತು. ಎಲ್ಲ ದೇಶದವರಿಗೂ ತಮ್ಮ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿದೆ ಎಂಬುದು ನನಗೆ ತಿಳಿಯಿತು.

ಆಮೇಲೆ ಮೇಜು ಬಂತು. ಇಳಕಲ್ ಸೀರೆಯುಟ್ಟ ರುದ್ರವ್ವ ಬಂದು ಸೆರಗು ಸಿಕ್ಕಿಸಿ ನಿಂತರು. ಕರಿ ಕೋಟು ಹಾಕಿದ ಶಿವರುದ್ರಪ್ಪನವರು ಪಕ್ಕಕ್ಕೆ ಬಂದು ನಿಂತರು. "ಅಕ್ಕ ಯಾಕ ಅಲ್ಲಿ?" ಎಂದು ಚನ್ನವೀರ ತನ್ನಷ್ಟಕ್ಕೇ ಅಂದ.

ಪಿಟೀಲು ಏರಿ ನಿಂತವು. ಕಡ್ಡಿ ತಿರುಗಿತು. ಟಪ್ ಟಪ್ ಟಪಟಪ ಟಪ್. ಎಂಟುನೂರು ಜನ ಬೆನ್ನು ನೆಟ್ಟಗೆ ಮಾಡಿದರು. ಹಾಲಿನ ಪಾಕೀಟು ಎತ್ತಿಕೊಳ್ಳುವಾಗ ದಿನಾ ಕೇಳಿ ಕೇಳಿ ನನಗೆ ಅದು ಸದ್ದೇ ಅಲ್ಲವಾಗಿತ್ತು. ಅಂದು ಕೇಳಿದೆ. 

ಮೊದಲ ರೊಟ್ಟಿ ಮುಗಿಯಿತು. ಶಿವರುದ್ರಪ್ಪನವರು ಅದನ್ನು ಅಂಗೈಗಳ ಮೇಲೆ ಎತ್ತಿಕೊಂಡು, ಪಿಟೀಲುಗಳ ನಡುವೆ ದಾಟಿ, ಹಿತ್ತಾಳೆ ವಾದ್ಯಗಳನ್ನು ಸುತ್ತಿ, ಹಿಂದಿನ ಬಾಗಿಲಿಗೆ ಹೋದರು. ಬಾಗಿಲಲ್ಲಿ ಮನೋಹರರಾಯರ ಎರಡು ಕೈ ಕಂಡವು. ಸಭೆ ಚಪ್ಪಾಳೆ ತಟ್ಟಿತು. ಎರಡನೆಯದೂ ಹಾಗೆಯೇ ಗಡಿ ದಾಟಿತು. ಮುಂದಿನ ಸಾಲಿನ ಕನ್ನಡಕದ ಮುದುಕರೊಬ್ಬರು ಇದು ವಲಸೆಯ ಸಂಕೇತ ಎಂದು ಹೆಂಡತಿಗೆ ಹೇಳಿದರು.

ಮೂರನೆಯದು ತೆಗೆದುಕೊಂಡಾಗ ಶಿವರುದ್ರಪ್ಪನವರಿಗೆ ಧೈರ್ಯ ಬಂದಿತ್ತು. ಬಂದ ಧೈರ್ಯದಲ್ಲಿ, ಬಾಮೈದ ನೋಡುತ್ತಿದ್ದಾನೋ ಇಲ್ಲವೋ ಎಂದು ನಡೆಯುತ್ತಲೇ ಮೂರನೆಯ ಸಾಲಿನ ಕಡೆ ಕತ್ತು ತಿರುಗಿಸಿದರು. ಚನ್ನವೀರ ನೋಡುತ್ತಿದ್ದ. ಶಿವರುದ್ರಪ್ಪನವರ ಕಾಲು ಒಂದು ಖುರ್ಚಿಗೆ ತಾಗಿತು. ಎ.ಸಿ.ಗೆ ಬಿರುಸಾಗಿದ್ದ ರೊಟ್ಟಿ ಅಂಗೈ ಬಿಟ್ಟು ಹಾರಿ, ಟ್ಯೂಬಾ ಎಂಬ ಹಂಡೆಯಷ್ಟು ದೊಡ್ಡ ಹಿತ್ತಾಳೆ ವಾದ್ಯದ ಮೇಲ್ಮುಖದ ಬಾಯೊಳಗೆ ಹೋಗಿ ಗಟ್ಟಿಯಾಗಿ ಕೂತಿತು. ಅದನ್ನು ಊದುವವನು ಕಣ್ಣು ಮುಚ್ಚಿಕೊಂಡಿದ್ದ. ಅವನು ಊದಿದ. ರೊಟ್ಟಿ ಉಬ್ಬಿತು. ಹಂಚು ಕಾಣದೆ ಉಬ್ಬಿದ ರೊಟ್ಟಿಯನ್ನು ನಾನು ನೋಡಿದ್ದು ಅದೊಂದೇ.

ರುದ್ರವ್ವ ಅದನ್ನು ಕಂಡು ಕೈ ನಿಲ್ಲಿಸಿದರು. ರೊಟ್ಟಿ ನಿಂತರೆ ವಾದ್ಯ ನಿಲ್ಲಬೇಕು. ಅರವತ್ತು ವಾದ್ಯಗಳೂ ನಿಂತವು. ಸ್ನೇಹಲ್ ಕಡ್ಡಿ ಗಾಳಿಯಲ್ಲೇ ಉಳಿಯಿತು. ರುದ್ರವ್ವ ಮೇಜು ಬಿಟ್ಟು ನೆಟ್ಟಗೆ ಟ್ಯೂಬಾದ ಕಡೆ ನಡೆದರು. ಬಡಿದ ರೊಟ್ಟಿ ಚೆಲ್ಲುವ ಹಾಗಿಲ್ಲವಲ್ಲ. ಎಂಟುನೂರು ಜನರ ಎದುರು ಭಾರತ ದೇಶ ಪೂರ್ತಿ ಸ್ತಬ್ಧವಾಗಿತ್ತು, ಮತ್ತು ಅದನ್ನು ಸ್ತಬ್ಧ ಮಾಡಿದವರ ಹೆಸರು ಎಂಟುನೂರು ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಶಿವರುದ್ರಪ್ಪನವರ ಮುಖ ಹಿಟ್ಟಿಗಿಂತ ಬಿಳಿಯಾಗಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಶಿವರುದ್ರಪ್ಪನವರು ಮೇಜಿನ ಹತ್ತಿರ ಬಂದರು. ಹಿಟ್ಟಿನ ಒಂದು ಉಂಡೆ ಮುರಿದುಕೊಂಡರು. ಬಡಿದರು.

ಟಪ್. ಟಪ್ಪಟ. ಟಪ್. ಒಂದು ನಿಲುಗಡೆ. ಟಪಟ್.

ಅದು ಯಾವ ತಾಳವೂ ಅಲ್ಲ. ಆದರೆ ರೊಟ್ಟಿ ನಡೆದಂತೆ ವಾದ್ಯ ಎಂಬುದು ಅಪ್ಪಣೆ. ಮೊದಲು ಡೋಲಿನವನು ಹಿಂಬಾಲಿಸಿದ, ಆಮೇಲೆ ಪಿಟೀಲುಗಳು, ಆಮೇಲೆ ಉಳಿದವರು. ಅರವತ್ತು ವಾದ್ಯ ಒಟ್ಟಾಗಿ ಎಡವುತ್ತ, ತಡವರಿಸುತ್ತ, ಪುಣೆಯ ಸಂಜೆಯ ಟ್ರಾಫಿಕ್ಕಿನಂತೆ ಹೇಗೋ ಮುಂದಕ್ಕೆ ಹೋದವು. ಅಷ್ಟರಲ್ಲಿ ರುದ್ರವ್ವ ಟ್ಯೂಬಾದೊಳಗೆ ಮೊಣಕೈವರೆಗೆ ಕೈ ಹಾಕಿ ರೊಟ್ಟಿ ಬಿಡಿಸಿ, ಉಂಡೆ ಮಾಡಿಕೊಂಡು ವಾಪಸು ಬಂದರು. ಗಂಡನನ್ನು ಸರಿಸಲಿಲ್ಲ. ಮಣೆಯ ಇನ್ನೊಂದು ತುದಿಯಲ್ಲಿ ಅದೇ ಉಂಡೆಯನ್ನು ಬಡಿಯತೊಡಗಿದರು. ಒಂದು ಕಡೆ ಮೂವತ್ತೊಂದು ವರ್ಷದ ಕೈ, ಇನ್ನೊಂದು ಕಡೆ ಮೂರು ವಾರದ ಕೈ. ಕೊನೆಯ ಟಪ್ ಇಬ್ಬರದೂ ಒಟ್ಟಿಗೆ ಬಿತ್ತು, ಅದು ಹೇಗೆ ಬಿತ್ತೆಂದು ಇಬ್ಬರಿಗೂ ತಿಳಿಯದು. ಸಭೆ ಎದ್ದು ನಿಂತಿತು.

ಆಮೇಲೆ ಅಂಗಳದಲ್ಲಿ ಸಾಲು ಹತ್ತಿತು. ಅರವತ್ತು ಜನರೂ ವಾದ್ಯ ಕಂಕುಳಲ್ಲಿಟ್ಟುಕೊಂಡೇ ತಿಂದರು. ರುದ್ರವ್ವ ಮಣೆಯನ್ನು ಒಲೆಯ ಪಕ್ಕಕ್ಕೆ ತರಿಸಿಕೊಂಡು ಬಡಿಯುತ್ತಿದ್ದರು, ಮನೋಹರರಾಯರು ಬೇಯಿಸುತ್ತಿದ್ದರು. ಸುರಕ್ಷಾ ಅಧಿಕಾರಿ ಒಲೆಯನ್ನು 'ಪರೀಕ್ಷಿಸುತ್ತ' ನಾಲ್ಕು ತಿಂದರು.

ಚನ್ನವೀರ ಬಂದ. ಅವನ ಕೈಯಲ್ಲಿ ಅಂಚು ಸೀಳಿದ ಒಂದು ದಪ್ಪ ರೊಟ್ಟಿ. ಕೇಳದೆಯೇ ಯಾರದೆಂದು ತಿಳಿಯುತ್ತಿತ್ತು. ಅವನು ನಗಲಿಲ್ಲ. ಪೂರ್ತಿ ತಿಂದು, ಕೈ ಒರೆಸಿಕೊಂಡು, ಕಿಸೆಯಿಂದ ಕಾರ್ಯಕ್ರಮ ಪತ್ರಿಕೆ ತೆಗೆದ.

"ಮಾಮಾ, ನಿಮ್ಮ ಹೆಸರು ಅಚ್ಚಾಗೇದ, ಒಪ್ಪಿದೆ. ನಮ್ಮ ಅಕ್ಕನ ಹೆಸರು ಎಲ್ಲದ?"

ಶಿವರುದ್ರಪ್ಪನವರಲ್ಲಿ ಇದಕ್ಕೂ ಒಂದು ಉತ್ತರ ಇರುತ್ತದೆಂದು ನಾನು ಹತ್ತಿರ ಸರಿದೆ. ಅವರು ಪತ್ರಿಕೆ ಇಸಿದುಕೊಂಡು, ನನ್ನ ಕಿಸೆಯ ಪೆನ್ನು ಎಳೆದುಕೊಂಡು, ತಮ್ಮ ಹೆಸರಿನ ಮೇಲೆ ರುದ್ರವ್ವ ಎಂದು ಬರೆದರು. ಕೈಯ ಹಿಟ್ಟು ತಾಗಿ ಅರ್ಧ ಅಕ್ಷರ ಮುಚ್ಚಿಹೋಯಿತು, ಉಜ್ಜಿ ಮತ್ತೊಮ್ಮೆ ಬರೆದರು. ಒಲೆಯ ಮುಂದೆ ಕೂತಿದ್ದ ರುದ್ರವ್ವ ನೋಡಿಯೂ ನೋಡದವರಂತೆ ಒಂದು ರೊಟ್ಟಿಯನ್ನು ಬಡಿಯಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ಬಡಿದರು.

ಎರಡು ದಿನ ಬಿಟ್ಟು ಒಂದು ಪತ್ರಿಕೆಯಲ್ಲಿ ವಿಮರ್ಶೆ ಬಂತು. ಟ್ಯೂಬಾದೊಳಗೆ ಹಾರಿದ ರೊಟ್ಟಿ ದೇಶದ ಹಸಿವನ್ನು ಸೂಚಿಸುತ್ತದೆಂದು ಅದರಲ್ಲಿ ಬರೆದಿತ್ತು. "ಅದು ನಾನಽ ವಿಚಾರ ಮಾಡಿ ಹಾರಿಸಿದ್ದು" ಎಂದು ಶಿವರುದ್ರಪ್ಪನವರು ಲಿಫ್ಟಿನಲ್ಲಿ ನನಗೆ ಹೇಳಿದರು. ಹೀಗೆ ಎಲ್ಲ ಮೊದಲಿನಂತಾಯಿತು ಎಂದುಕೊಂಡೆ.

ಮೊದಲಿನಂತಾಗಲಿಲ್ಲ. ಮುಂದಿನ ಸೋಮವಾರದಿಂದ ಬೆಳಗಿನ ಏಳೂವರೆಯ ಸದ್ದು ಬದಲಾಗಿದೆ. ಟಪ್. ಟಪ್ಪಟ. ನಿಲುಗಡೆ. ಟಪಟ್. ಎಂಟು ದಿನ ತಡೆದುಕೊಂಡ ಮನೋಹರರಾಯರು ಒಂಬತ್ತನೆಯ ದಿನ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದರು. ನಾನು ಹಾಲಿನ ಪಾಕೀಟಿಗೆ ಬಗ್ಗಿದ್ದೆ, ಬಗ್ಗಿಯೇ ಉಳಿದೆ.

"ಯಾರ್ರೀ ಅದು ದಿನಾ ಮುಂಜಾನೆ ಹಿಂಗ ಬಡಿಯಾವ್ರು? ನಮ್ಮ ಮನಿ ಗ್ವಾಡಿ ಅಳ್ಳಾಡಾಕತ್ತಾವ."

ಬಾಗಿಲು ತೆರೆದ ಶಿವರುದ್ರಪ್ಪನವರು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದರು. ಅವರ ಹಿಂದೆ ಖುರ್ಚಿಯಲ್ಲಿ ರುದ್ರವ್ವ ಚಹಾ ಕುಡಿಯುತ್ತ ಪೇಪರ್ ಓದುತ್ತಿದ್ದರು. ಶಿವರುದ್ರಪ್ಪನವರು ಒಮ್ಮೆ ಹಿಂತಿರುಗಿ ನೋಡಿದರು. ಹೆಂಡತಿಯ ಹೆಸರು ಹೇಳಿ ಪಾರಾಗಬಹುದಿತ್ತು.

"ನಾನಽ" ಎಂದರು.

ಅದೇ ಉತ್ತರ. ಈ ಸಲ ನಿಜ. ಬೆನ್ನ ಹಿಂದಿನಿಂದ ಕೈ ಮುಂದೆ ಬಂತು. ಅಂಗೈ ಮೇಲೆ ಹಸಿ ಹಿಟ್ಟಿನ ಒಂದು ವಸ್ತು ಇತ್ತು. ಅದು ದುಂಡಗೂ ಇರಲಿಲ್ಲ, ಚೌಕವೂ ಇರಲಿಲ್ಲ, ಯಾವ ದೇಶದ ನಕ್ಷೆಗೂ ಹೋಲುತ್ತಿರಲಿಲ್ಲ. ಮನೋಹರರಾಯರು ಬಗ್ಗಿ ಬಹಳ ಹೊತ್ತು ನೋಡಿದರು.

"ಇದು ರೊಟ್ಟಿ ಏನು, ಭಾಕರಿ ಏನು?"

ಶಿವರುದ್ರಪ್ಪನವರೂ ಅದನ್ನು ನೋಡಿದರು. ಅಂಗೈ ಬದಲಿಸಿ ಅದರ ಹಿಂಬದಿಯನ್ನೂ ನೋಡಿದರು.

"ಗೊತ್ತಿಲ್ರಿ."

ಹನ್ನೆರಡು ವರ್ಷ ಕಾದಿದ್ದ ನನ್ನ ಕೈಯಿಂದ ಹಾಲಿನ ಪಾಕೀಟು ಜಾರಿ ಬಿದ್ದು ಒಡೆಯಿತು. ಯಾರೂ ಈ ಕಡೆ ತಿರುಗಲಿಲ್ಲ. ರುದ್ರವ್ವ ಪೇಪರಿನ ಪುಟ ಮಗುಚಿದರು.

"ಹಂಚಿಗೆ ಹಾಕ್ರಿ" ಎಂದರು. "ತಿಳೀತದ."